ಹಿಮದ ಮೊಟ್ಟೆಗೆ ಇಡ್ಲಿ ಪಾತ್ರೆ ಸಾಕು

ಮಾನ್ಯ ಸಂಪಾದಕರೇ,

ಟಿವಿಯ ಅಡುಗೆ ಸ್ಪರ್ಧೆಗಳಲ್ಲಿ ಕಂಡ ತಿನಿಸುಗಳನ್ನು ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಮಾಡುವ ವಿಧಾನಗಳು ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿವೆ. ಒಳ್ಳೆಯ ಕೆಲಸವೇ. ತಕರಾರಿರುವುದು ಪ್ರತಿ ಪಾಕವಿಧಾನದ ಕೊನೆಯಲ್ಲಿ ಬರುವ ‘ಸಿಗದಿದ್ದರೆ’ ಎಂಬ ಸಾಲಿನ ಬಗ್ಗೆ. ವಿಪ್ಪಿಂಗ್ ಕ್ರೀಮ್ ಸಿಗದಿದ್ದರೆ ಫ್ರೆಶ್ ಕ್ರೀಮ್, ಮಾಸ್ಕರ್ಪೋನೆ (ಇಟಲಿಯ ಕೆನೆ ಚೀಸ್) ಸಿಗದಿದ್ದರೆ ಗಟ್ಟಿ ಮೊಸರು, ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಅಂಟು) ಬೇಡವಾದರೆ ಅಷ್ಟೇ ತೂಕದ ಚೈನಾ ಗ್ರಾಸ್. ಈ ಮೂರರಲ್ಲಿ ಒಂದೂ ಕೆಲಸಕ್ಕೆ ಬರುವುದಿಲ್ಲ. ಸಾಮಾನಿನ ದುಡ್ಡೂ ಹೋಗಿ, ಒಂದು ಮಧ್ಯಾಹ್ನವೂ ಹೋಗಿ, ‘ಇದೆಲ್ಲ ನಮ್ಮ ಕೈಲಾಗದು’ ಎಂದು ಓದುಗರು ಕೈಬಿಡುವುದು ಇಂಥ ಸಾಲುಗಳಿಂದಲೇ.

ಕಾರಣ ಹೇಳುತ್ತೇನೆ. ಪೊಟ್ಟಣದ ಫ್ರೆಶ್ ಕ್ರೀಮ್‌ನಲ್ಲಿ ಸಾಮಾನ್ಯವಾಗಿ ಕೊಬ್ಬಿನ ಅಂಶ ಶೇ 25. ಕ್ರೀಮನ್ನು ಕಡೆದಾಗ ಗಾಳಿಗುಳ್ಳೆಗಳ ಸುತ್ತ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿ ಗೋಡೆ ಕಟ್ಟಬೇಕು. ಅದಕ್ಕೆ ಕನಿಷ್ಠ ಶೇ 30, ನೆಚ್ಚಿಕೊಳ್ಳಬೇಕಾದರೆ ಶೇ 35 ಕೊಬ್ಬು ಬೇಕು. ಶೇ 25ರದ್ದನ್ನು ಅರ್ಧ ಗಂಟೆ ಕಡೆದರೂ ನೊರೆ ನಿಲ್ಲದು. ಕಡೆಯುವವರ ತೋಳು ಮಾತ್ರ ನೋಯುತ್ತದೆ. ಚೈನಾ ಗ್ರಾಸ್ ವಿಷಯ ಇನ್ನೂ ವಿಚಿತ್ರ. ಅರ್ಧ ಲೀಟರ್ ಪಾನಕೊಟ್ಟಕ್ಕೆ (ಕ್ರೀಮನ್ನು ಹೆಪ್ಪುಗಟ್ಟಿಸಿ ಮಾಡುವ ಇಟಲಿಯ ಸಿಹಿಗೆ) ಜೆಲಟಿನ್ ಪುಡಿ 7ರಿಂದ 8 ಗ್ರಾಂ ಬೇಕು. ಅದೇ ಅರ್ಧ ಲೀಟರಿಗೆ ಅಗರ್ ಅಗರ್ ಪುಡಿ, ಅಂದರೆ ಪುಡಿಯಾಗಿ ಸಿಗುವ ಚೈನಾ ಗ್ರಾಸ್, 2 ಗ್ರಾಂ ಸಾಕು. ಎಳೆ ಎಳೆಯಾಗಿ ಸಿಗುವ ಚೈನಾ ಗ್ರಾಸ್ ಆದರೆ 4ರಿಂದ 5 ಗ್ರಾಂ. ‘ಅಷ್ಟೇ ತೂಕ’ ಎಂದು 8 ಗ್ರಾಂ ಪುಡಿ ಸುರಿದವರಿಗೆ ಸಿಗುವುದು ಚಪ್ಪಲಿಯ ಅಟ್ಟೆ. ಅದೂ ಅಲ್ಲದೆ ಜೆಲಟಿನ್ ಬಿಸಿನೀರಿನಲ್ಲೇ ಕರಗುತ್ತದೆ, ಅಗರ್ ಕರಗಲು ಎರಡು ನಿಮಿಷವಾದರೂ ಕುದಿಯಲೇಬೇಕು. ಜೆಲಟಿನ್ ನಾಲಿಗೆಯ ಬಿಸಿಗೇ ಕರಗುತ್ತದೆ. ಅಗರ್ ಗಟ್ಟಿಯಾದ ಮೇಲೆ ಮತ್ತೆ ಕರಗಲು 85 ಡಿಗ್ರಿ ಸೆಲ್ಸಿಯಸ್ ಬೇಕು, ಹಾಗಾಗಿ ಬಾಯಲ್ಲಿ ಕರಗದೆ ಮುರಿಯುತ್ತದೆ. ಅಗರ್ ಹಾಕಿದ್ದು ತಪ್ಪಲ್ಲ, ಅದು ಬೇರೆಯದೇ ತಿನಿಸು ಎಂದು ಬರೆಯದಿರುವುದು ತಪ್ಪು. ಅಗರ್‌ನಿಂದ ಲಾಭವೂ ಉಂಟು: ಹಸಿ ಅನಾನಸ್ ಅಥವಾ ಪಪ್ಪಾಯಿಯ ಕಿಣ್ವಗಳು ಜೆಲಟಿನ್ ಅನ್ನು ತುಂಡರಿಸಿ ನೀರು ಮಾಡುತ್ತವೆ, ಅಗರ್ ಅವಕ್ಕೆ ಜಗ್ಗುವುದಿಲ್ಲ.

ದುಬಾರಿ ಸಾಮಾನೊಂದನ್ನು ತೆಗೆದು ಅಗ್ಗದ್ದನ್ನು ಹಾಕುವ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಅದು ಈ ತಿನಿಸಿನಲ್ಲಿ ಯಾವ ಕೆಲಸ ಮಾಡುತ್ತಿದೆ? ಕೊಬ್ಬು ಕೊಡುತ್ತಿದೆಯೇ, ಹುಳಿಯೇ, ಹಿಡಿತವೇ, ಘಮವೇ, ಅಥವಾ ಬರೀ ಬೆಡಗೇ? ಇದನ್ನು ಒಂದು ತಿನಿಸನ್ನು ಪೂರ್ತಿ ಬಿಡಿಸಿಟ್ಟೇ ತೋರಿಸಬೇಕು.

ಸಿಡ್ನಿಯ ಕ್ವೇ ರೆಸ್ಟೊರೆಂಟಿನಲ್ಲಿ ಬಾಣಸಿಗ ಪೀಟರ್ ಗಿಲ್ಮೋರ್ ಮಾಡುತ್ತಿದ್ದ ‘ಸ್ನೋ ಎಗ್’, ಅಂದರೆ ಹಿಮದ ಮೊಟ್ಟೆ ಎಂಬ ಸಿಹಿತಿನಿಸನ್ನು ಆರಿಸಿಕೊಳ್ಳೋಣ. 2010ರಲ್ಲಿ ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ ಎಂಬ ಟಿವಿ ಅಡುಗೆ ಸ್ಪರ್ಧೆಯ ಎರಡನೇ ಸರಣಿಯ ಅಂತಿಮ ಸುತ್ತಿನಲ್ಲಿ ಆಡಂ ಲಿಯಾ ಮತ್ತು ಕ್ಯಾಲಮ್ ಹ್ಯಾನ್ ಮಾಡಬೇಕಾಗಿ ಬಂದದ್ದು ಇದನ್ನೇ, ಗೆದ್ದವರು ಆಡಂ. ಆ ರಾತ್ರಿಯ ಪ್ರಸಾರಕ್ಕೆ ಅಡ್ಡ ಬರಬಾರದೆಂದು ಅಲ್ಲಿನ ಪ್ರಧಾನಿ ಮತ್ತು ವಿರೋಧ ಪಕ್ಷದ ನಾಯಕರ ಚುನಾವಣಾ ಚರ್ಚೆಯನ್ನೇ ನಿಗದಿಗಿಂತ ಮುಂಚೆ ನಡೆಸಿದ್ದರು. ಅಷ್ಟು ದೊಡ್ಡ ಹೆಸರಿನ ಈ ತಿನಿಸಿನ ಮುಖ್ಯ ಹಣ್ಣುಗಳು ಯಾವುವು ಗೊತ್ತೇ? ಸೀಬೆ ಮತ್ತು ಸೀತಾಫಲ. ನಮ್ಮ ಸಂತೆಯಲ್ಲಿ ಬುಟ್ಟಿಗಟ್ಟಲೆ ಬರುವ ಹಣ್ಣುಗಳು ಅಲ್ಲಿ ಅಪರೂಪದ ಬೆಡಗು. ದುಬಾರಿ ಎನಿಸುವುದು ಹಣ್ಣಲ್ಲ, ಸುತ್ತಲಿನ ಸರಂಜಾಮು: ಮಾಲ್ಟೋಸ್ ಎಂಬ ಅಂಟು ಸಕ್ಕರೆ, ಗೋಳದ ಅಚ್ಚು, ಐಸ್‌ಕ್ರೀಮ್ ಯಂತ್ರ, ಉರಿ ಊದುವ ಬ್ಲೋಟಾರ್ಚ್. ಇವುಗಳಲ್ಲಿ ಯಾವುದೂ ಇಲ್ಲದೆ ಇದನ್ನು ಮಾಡಬಹುದು.

ತಿನಿಸಿನ ಕಟ್ಟಡ ಹೀಗಿದೆ. ಗಾಜಿನ ಲೋಟದ ತಳದಲ್ಲಿ ಸೀಬೆಯ ಕೆನೆ, ಅದರ ಮೇಲೆ ಸೀಬೆಯ ಹರಳು ಮಂಜು, ಅಂದರೆ ಗ್ರಾನೀಟಾ. ಅದರ ಮೇಲೆ ಹಬೆಯಲ್ಲಿ ಬೆಂದ ಮೊಟ್ಟೆಬಿಳಿಯ ಗೋಳ, ಗೋಳದ ಹೊಟ್ಟೆಯಲ್ಲಿ ಸೀತಾಫಲದ ಐಸ್‌ಕ್ರೀಮ್, ಗೋಳದ ಮೈಮೇಲೆ ಗಾಜಿನಂತೆ ತೆಳುವಾದ ಸಕ್ಕರೆಯ ಹೊದಿಕೆ.

ಗ್ರಾನೀಟಾ ಸುಲಭ. ಒಳಗೆ ಕೆಂಪಿರುವ, ಕೋಣೆಯೆಲ್ಲ ಘಮಿಸುವಷ್ಟು ಮಾಗಿದ ಸೀಬೆ 400 ಗ್ರಾಂ (ಉತ್ತರದವರಿಗೆ ಪೇರಲ, ಕರಾವಳಿಯವರಿಗೆ ಪೇರಳೆ). ಹೋಳು ಮಾಡಿ, 500 ಮಿಲಿ ನೀರು ಮತ್ತು 75 ಗ್ರಾಂ ಸಕ್ಕರೆಯೊಂದಿಗೆ ಸಣ್ಣ ಉರಿಯಲ್ಲಿ 12 ನಿಮಿಷ ಬೇಯಿಸಿ, ಮುಚ್ಚಿಟ್ಟು ಆರಿಸಿ, ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ಹಿಂಡಿದರೆ ಮಬ್ಬಾಗುತ್ತದೆ. ಮಿಕ್ಸಿಗಂತೂ ಹಾಕಲೇಬೇಡಿ; ಬೀಜ ಒಡೆದು ಮರಳು ತಿಂದಂತಾಗುತ್ತದೆ. ಒಂದು ಟೀ ಚಮಚ ನಿಂಬೆರಸ ಸೇರಿಸಿ ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಫ್ರೀಜರಿಗಿಟ್ಟು, ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಕೆರೆಯಿರಿ. ಒಟ್ಟು ಸಕ್ಕರೆ, ಹಣ್ಣಿನದ್ದೂ ಸೇರಿ, ಶೇ 14ರಿಂದ 16 ಇದ್ದರೆ ಹರಳು ಬಿಡಿಬಿಡಿಯಾಗಿ ಬರುತ್ತದೆ. ಶೇ 10ಕ್ಕಿಂತ ಕೆಳಗಿಳಿದರೆ ಕಲ್ಲಾಗುತ್ತದೆ, ಶೇ 20 ದಾಟಿದರೆ ಎಷ್ಟು ಹೊತ್ತಾದರೂ ಕೆಸರಾಗಿಯೇ ಉಳಿಯುತ್ತದೆ. ‘ಮನೆಯವರು ಸಿಹಿ ಕಡಿಮೆ ತಿನ್ನುತ್ತಾರೆ’ ಎಂದು ಸಕ್ಕರೆ ಕಡಿತ ಮಾಡುವವರು ಇಲ್ಲಿಯೇ ಎಡವುವುದು. ಇಲ್ಲಿ ಸಕ್ಕರೆ ರುಚಿಗಷ್ಟೇ ಅಲ್ಲ, ಹೆಪ್ಪನ್ನು ಸಡಿಲವಾಗಿ ಇಡುವುದಕ್ಕೂ ಬೇಕು.

ತಳದ ಕೆನೆಗೆ 100 ಗ್ರಾಂ ಕಟ್ಟಿ ಇಳಿಸಿದ ಮೊಸರು, 50 ಗ್ರಾಂ ಫ್ರೆಶ್ ಕ್ರೀಮ್, ಜರಡಿಯಲ್ಲಿ ಉಜ್ಜಿ ಬೀಜ ತೆಗೆದ ಸೀಬೆ ತಿರುಳು 60 ಗ್ರಾಂ, ಸಕ್ಕರೆ ಪುಡಿ 20 ಗ್ರಾಂ. ಕಲಸಿದರೆ ಮುಗಿಯಿತು. ಮೇಲೆ ಬಯ್ದ ಮೊಸರು ಇಲ್ಲಿ ಸಲ್ಲುತ್ತದೆ, ಏಕೆಂದರೆ ಈ ಕೆನೆ ನಿಲ್ಲಬೇಕಾಗಿಲ್ಲ, ಲೋಟದ ತಳದಲ್ಲಿ ಮಲಗಿದ್ದರೆ ಸಾಕು. ಹುಳಿ ಸೀಬೆಗೆ ಒಪ್ಪುತ್ತದೆ ಕೂಡ.

ಐಸ್‌ಕ್ರೀಮಿಗೆ ಯಂತ್ರ ಏಕೆ ಬೇಕು? ಹೆಪ್ಪುಗಟ್ಟುವಾಗ ಕಡೆಯುತ್ತಾ ಇದ್ದರೆ ಮಂಜಿನ ಹರಳು ದೊಡ್ಡದಾಗುವುದಿಲ್ಲ. ಯಂತ್ರವಿಲ್ಲದಿದ್ದರೆ ನೀರನ್ನೇ ಕಡಿಮೆ ಮಾಡಬೇಕು. ಬಾಸುಂದಿ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಶೇ 6 ಕೊಬ್ಬಿರುವ ಫುಲ್ ಕ್ರೀಮ್ ಹಾಲು 500 ಮಿಲಿ ತೆಗೆದುಕೊಂಡು, ತಳ ಹಿಡಿಯದಂತೆ 300 ಮಿಲಿಗೆ ಇಳಿಸಿ. 60 ಗ್ರಾಂ ಸಕ್ಕರೆ ಹಾಕಿ. 10 ಗ್ರಾಂ ಕಾರ್ನ್‌ಫ್ಲೋರ್ ಅನ್ನು ಸ್ವಲ್ಪ ತಣ್ಣನೆ ಹಾಲಿನಲ್ಲಿ ಕದಡಿ ಸೇರಿಸಿ, ಒಂದೆರಡು ನಿಮಿಷ ಕುದಿಸಿ. 300 ಮಿಲಿಗಿಂತಲೂ ಇಳಿಸುವ ಆಸೆ ಬೇಡ. ಹಾಲಿನಲ್ಲೇ ಇರುವ ಸಕ್ಕರೆ ಹರಳುಗಟ್ಟಿ ನಾಲಿಗೆಗೆ ರವೆ ರವೆ ಸಿಗುತ್ತದೆ. ಇದನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿ ತಣಿಸಿದ ಮೇಲೆಯೇ 200 ಗ್ರಾಂ ಸೀತಾಫಲದ ತಿರುಳು ಸೇರಿಸಬೇಕು. ಸಾಮಾನ್ಯವಾಗಿ ತಪ್ಪುವುದು ಈ ಜಾಗದಲ್ಲಿ: ಸೀತಾಫಲದ ತಿರುಳನ್ನು ಬಿಸಿ ಮಾಡಿದರೆ ಕಹಿಯಾಗುತ್ತದೆ. ಬೇರೆ ಹಣ್ಣಿನಂತೆ ಒಲೆಯ ಮೇಲಿಟ್ಟು ಕಾಯಿಸಿದರೆ ಇಡೀ ಪಾತ್ರೆ ಚೆಲ್ಲಬೇಕಾಗುತ್ತದೆ. ತಿರುಳನ್ನು ಬಿಡಿಸಲು ಮಿಕ್ಸಿಯೂ ಬೇಡ. ಬೀಜ ವಿಷಕಾರಿ, ಅದರ ಎಣ್ಣೆ ಕಣ್ಣಿಗೆ ತಗುಲಿದರೆ ಅಪಾಯ. ದಪ್ಪ ಕಣ್ಣಿನ ಜರಡಿಯ ಮೇಲೆ ಕೈಯಿಂದ ಉಜ್ಜಿದರೆ ತಿರುಳು ಕೆಳಗೆ ಬೀಳುತ್ತದೆ, ಬೀಜ ಮೇಲೆ ಉಳಿಯುತ್ತದೆ. ಮಧ್ಯಮ ಗಾತ್ರದ ಎರಡು ಮೂರು ಹಣ್ಣಿಗೆ 200 ಗ್ರಾಂ ಸಿಕ್ಕೇ ಸಿಗುತ್ತದೆ. ಫ್ರೀಜರಿನಲ್ಲಿ ಅಂಚು ಗಟ್ಟಿಯಾಗಿ ನಡು ಮೆತ್ತಗಿರುವಾಗ, ಸುಮಾರು ಎರಡು ಗಂಟೆಗೆ, ಒಮ್ಮೆ ಮಿಕ್ಸಿಯಲ್ಲಿ ತಿರುಗಿಸಿ ವಾಪಸಿಡಿ. ಇನ್ನೆರಡು ಗಂಟೆ ಬಿಟ್ಟು ಮತ್ತೊಮ್ಮೆ. ಆಮೇಲೆ ದುಂಡನೆಯ ಚಮಚದಿಂದ ಪುಟ್ಟ ಉಂಡೆ ತೆಗೆದು, ಕಲ್ಲಿನಂತಾಗುವವರೆಗೆ ಫ್ರೀಜರಿನಲ್ಲೇ ಇರಲಿ.

ಈಗ ಗೋಳ. ನಾಲ್ಕು ಮೊಟ್ಟೆಯ ಬಿಳಿ, ಅಂದರೆ ಸುಮಾರು 120 ಗ್ರಾಂ. ಅಷ್ಟೇ ತೂಕದ ಸಕ್ಕರೆ. ಅರ್ಧ ಟೀ ಚಮಚ ನಿಂಬೆರಸ. ನಮ್ಮ ಅಂಗಡಿಯ ಸಕ್ಕರೆ ದಪ್ಪ ಹರಳಿನದು. ಹಾಗೆಯೇ ಹಾಕಿದರೆ ಪೂರ್ತಿ ಕರಗದೆ, ಬೇಯುವಾಗ ಸಿಹಿನೀರಾಗಿ ಒಸರುತ್ತದೆ. ಒಣಗಿದ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಹತ್ತು ಹದಿನೈದು ಸೆಕೆಂಡು ತಿರುಗಿಸಿದರೆ ಸಣ್ಣ ರವೆಯ ಹದಕ್ಕೆ ಬರುತ್ತದೆ, ಅಷ್ಟು ಸಾಕು. ಕಡೆಯುವ ಪಾತ್ರೆ ಸ್ಟೀಲಿನದಿರಲಿ. ಪ್ಲಾಸ್ಟಿಕ್ ಬಟ್ಟಲು ಎಷ್ಟು ತೊಳೆದರೂ ಜಿಡ್ಡು ಹಿಡಿದುಕೊಂಡಿರುತ್ತದೆ, ಒಂದು ಹನಿ ಜಿಡ್ಡಿದ್ದರೂ, ಹಳದಿಯ ಒಂದು ಎಳೆ ಬಿದ್ದರೂ ನೊರೆ ಏಳುವುದಿಲ್ಲ. ನೊರೆ ಮೆತ್ತಗೆ ನಿಂತ ಮೇಲೆ ಸಕ್ಕರೆಯನ್ನು ಚಮಚ ಚಮಚವಾಗಿ ಹಾಕುತ್ತಾ ಕಡೆಯಿರಿ. ಎರಡು ಬೆರಳ ನಡುವೆ ಉಜ್ಜಿದಾಗ ಹರಳು ಸಿಗದಿದ್ದರೆ ಹದ ಬಂದಿದೆ.

ಮೂಲ ಪಾಕವಿಧಾನದಲ್ಲಿ ಇದನ್ನು ಅರ್ಧಗೋಳದ ಅಚ್ಚಿನಲ್ಲಿ ತುಂಬಿ, ನೀರಿನ ತಟ್ಟೆಯಲ್ಲಿಟ್ಟು ಓವನ್ನಿನಲ್ಲಿ ಬೇಯಿಸುತ್ತಾರೆ. ಆ ನೀರಿನ ತಟ್ಟೆಯ ಕೆಲಸ ಏನು? ಶಾಖ 100 ಡಿಗ್ರಿ ದಾಟದಂತೆ, ಗಾಳಿ ಒಣಗದಂತೆ ಕಾಯುವುದು. ಅದನ್ನೇ ನಮ್ಮ ಇಡ್ಲಿ ಪಾತ್ರೆ ದಿನವೂ ಮಾಡುತ್ತಿದೆ. ಇಡ್ಲಿ ತಟ್ಟೆಯ ಗುಳಿ ಮಾತ್ರ ಆಳ ಸಾಲದು. ಆರೇಳು ಸೆಂಟಿಮೀಟರ್ ಅಗಲದ, ತಳ ದುಂಡಗಿರುವ ಚಟ್ನಿ ಬಟ್ಟಲುಗಳನ್ನು ಆರಿಸಿ, ಒಳಗೆ ಬೆಣ್ಣೆಯನ್ನು ಕಾಣದಷ್ಟು ತೆಳುವಾಗಿ ಸವರಿ, ನೊರೆ ತುಂಬಿ, ಬಟ್ಟಲನ್ನು ಮೆಲ್ಲಗೆ ಕುಟ್ಟಿ ಒಳಗಿನ ಗಾಳಿ ಬಿಡಿಸಿ. ನೀರು ಕೊತಕೊತ ಕುದಿಯಬಾರದು, ತಳದಲ್ಲಿ ಸಣ್ಣ ಗುಳ್ಳೆ ಏಳುತ್ತಿರಬೇಕು. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಒಂದು ಚಮಚ ಸಿಕ್ಕಿಸಿ ಸಂದು ಬಿಡಿ. ಐದಾರು ನಿಮಿಷ. ಮೇಲೆ ಮುಟ್ಟಿದರೆ ಬೆರಳಿಗೆ ಅಂಟದೆ, ಒತ್ತಿದರೆ ಮೇಲೇಳಬೇಕು. ಇಡ್ಲಿಗಿಟ್ಟಂತೆ ಜೋರು ಹಬೆ ಕೊಟ್ಟರೆ ಪೂರಿಯ ಹಾಗೆ ಉಬ್ಬುತ್ತದೆ. ನೋಡಲು ಖುಷಿ, ಆದರೆ ಇಳಿಸಿದ ಎರಡೇ ನಿಮಿಷಕ್ಕೆ ಮುದುಡಿ ಮುದುಕನ ಕೆನ್ನೆಯಾಗುತ್ತದೆ. ಹಿಗ್ಗಿದ ಗಾಳಿ ತಣಿದು ಕುಗ್ಗಿತು, ಅತಿಯಾಗಿ ಬೆಂದ ಬಿಳಿ ಬಿಗಿದುಕೊಂಡಿತು, ಅಷ್ಟೇ. ಕಡಿಮೆ ಬೆಂದರೆ ತಳದಲ್ಲಿ ಸಿಹಿನೀರು ನಿಲ್ಲುತ್ತದೆ.

ತಣ್ಣಗಾದ ಮೇಲೆ ಎರಡು ಅರ್ಧಗಳ ನಡುವನ್ನು ಸಣ್ಣ ಚಮಚದಿಂದ ಕೆತ್ತಿ, ಒಂದರಲ್ಲಿ ಐಸ್‌ಕ್ರೀಮ್ ಉಂಡೆಯಿಟ್ಟು ಇನ್ನೊಂದನ್ನು ಕವುಚಬೇಕು. ಈ ಕೆಲಸ ಬಡಿಸುವ ಹೊತ್ತಿಗೇ ಆಗಬೇಕು, ಮುಂಚೆ ಅಲ್ಲ.

ಸಕ್ಕರೆ ಹೊದಿಕೆಗೆ ಬಂದರೆ, ಮಾಲ್ಟೋಸ್ ಏಕೆ? ಬರೀ ಸಕ್ಕರೆ ಪಾಕ ಮತ್ತೆ ಹರಳುಗಟ್ಟಿ ಬೆಳ್ಳಗಾಗುತ್ತದೆ; ಮಾಲ್ಟೋಸ್ ಅದನ್ನು ತಡೆಯುತ್ತದೆ, ಜೊತೆಗೆ ತೇವವನ್ನು ಅಷ್ಟಾಗಿ ಎಳೆಯುವುದಿಲ್ಲ. ಇದೇ ಕೆಲಸವನ್ನು ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ ಮಾಡುತ್ತದೆ. ಜೇನುತುಪ್ಪವೂ ನಿಂಬೆರಸವೂ ಹರಳನ್ನು ತಡೆಯುತ್ತವೆ ನಿಜ, ಆದರೆ ತೇವ ಎಳೆಯುತ್ತವೆ. ಮಳೆಗಾಲದ ಮಂಗಳೂರಿನಲ್ಲಿ ಹತ್ತು ನಿಮಿಷಕ್ಕೆ ಅಂಟು, ಕಲಬುರಗಿಯ ಬೇಸಿಗೆಯಲ್ಲಾದರೆ ನಡೆಯುತ್ತದೆ. 200 ಗ್ರಾಂ ಸಕ್ಕರೆ, 80 ಗ್ರಾಂ ಗ್ಲೂಕೋಸ್, 60 ಮಿಲಿ ನೀರು. ಕದಡದೆ ಕುದಿಸಿ 155 ಡಿಗ್ರಿಗೆ ತನ್ನಿ. ಥರ್ಮಾಮೀಟರ್ ಇಲ್ಲವೇ, ಚಿಕ್ಕಿಯ ಪಾಕ ನೆನಪಿಸಿಕೊಳ್ಳಿ. ಒಂದು ಹನಿ ತಣ್ಣೀರಿಗೆ ಬಿಟ್ಟು ಮುರಿದರೆ ಟಕ್ಕೆನ್ನಬೇಕು, ಕಚ್ಚಿದರೆ ಹಲ್ಲಿಗೆ ಅಂಟಬಾರದು. ಅಂಟಿದರೆ ಇನ್ನೂ ಹದ ಬಂದಿಲ್ಲ. ಬಣ್ಣ ತಿಳಿ ಜೇನಿನಷ್ಟಾದಾಗ ಇಳಿಸಿ, ಎಣ್ಣೆ ಸವರಿದ ತಟ್ಟೆಗೆ ಸುರಿದು, ಆರಿದ ಮೇಲೆ ಒಡೆದು, 15 ಗ್ರಾಂ ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜದೊಂದಿಗೆ ಪುಡಿ ಮಾಡಿ. ಮೂಲದಲ್ಲಿರುವುದು ಬಾದಾಮಿ. ಕಡಲೆಕಾಯಿ 15 ಗ್ರಾಂಗಿಂತ ಹೆಚ್ಚು ಹಾಕಿದರೆ ಎಣ್ಣೆ ಬಿಟ್ಟು ಪುಡಿ ಮುದ್ದೆಯಾಗುತ್ತದೆ.

ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದ ನಡುವೆ 10 ಸೆಂಟಿಮೀಟರಿನ ವೃತ್ತ ಕತ್ತರಿಸಿದರೆ ಅಚ್ಚು ಸಿದ್ಧ. ಬೇಕಿಂಗ್ ಪೇಪರಿನ ಮೇಲೆ ಅಚ್ಚಿಟ್ಟು, ಪುಡಿಯನ್ನು ಟೀ ಸೋಸುವ ಜಾಲರಿಯಿಂದ ತೆಳುವಾಗಿ, ಕಾಗದ ಮರೆಯಾಗುವಷ್ಟು ಮಾತ್ರ ಉದುರಿಸಿ. ಅಚ್ಚನ್ನು ತೆಗೆದು, ಕಾಗದ ಸಮೇತ ದಪ್ಪ ತವಾದ ಮೇಲಿಟ್ಟು, ಸಣ್ಣ ಉರಿಯಲ್ಲಿ ಮುಚ್ಚಿ. ಕರಗಿ ಹೊಳೆದ ತಕ್ಷಣ ಕಾಗದ ಸಮೇತ ಎತ್ತಿ, ಇಪ್ಪತ್ತು ಸೆಕೆಂಡು ಬಿಟ್ಟು, ಕಾಗದದಿಂದ ಸುಲಿದು ಗೋಳದ ಮೇಲೆ ಹೊದಿಸಿ. ಬ್ಲೋಟಾರ್ಚ್ ಇರುವುದು ತಣ್ಣಗಾದ ಸಕ್ಕರೆ ತಗಡನ್ನು ಮತ್ತೆ ಮೆತ್ತಗೆ ಮಾಡಲು ಮಾತ್ರ. ಬಿಸಿಯಲ್ಲೇ ಹೊದಿಸುವವರಿಗೆ ಅದು ಬೇಡ. ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ವಾರ ಬರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಮರುದಿನ ಗಟ್ಟಿ ಗಡ್ಡೆ.

ಮೊಟ್ಟೆ ತಿನ್ನದವರು ಏನು ಮಾಡಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಕಡೆದರೆ ನೊರೆ ಏಳುತ್ತದೆ, ಆದರೆ ಮೊಟ್ಟೆಯ ಬಿಳಿಯಂತೆ ಹಬೆಗೆ ಗಟ್ಟಿಯಾಗುವುದಿಲ್ಲ, ಕರಗಿ ನೀರಾಗುತ್ತದೆ. ‘ಇದು ಮೊಟ್ಟೆಯಿಲ್ಲದೆ ಆಗದು’ ಎಂದು ನೇರವಾಗಿ ಪ್ರಕಟಿಸಿ. ಸೀಬೆಯ ಹರಳು ಮಂಜಿನ ಮೇಲೆ ಸೀತಾಫಲದ ಐಸ್‌ಕ್ರೀಮ್ ಇಟ್ಟು, ಸಕ್ಕರೆ ಹೊದಿಸಿ ಕೊಟ್ಟರೆ ಅದೂ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಬೇರೆ ಹೆಸರಿಡಿ.

ಇನ್ನು ಮಾಸ್ಕರ್ಪೋನೆ. ಅದು ತಿರಮಿಸುವಿಗೆ (ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಕೆನೆಯ ಪದರಗಳ ಇಟಲಿಯ ಸಿಹಿಗೆ) ಕೊಡುವುದು ಹುಳಿಯಿಲ್ಲದ, ನೀರು ಬಿಡದ ಕೊಬ್ಬು. ಕಟ್ಟಿದ ಮೊಸರಿನಲ್ಲಿ ಹುಳಿಯೂ ಉಂಟು ನೀರೂ ಉಂಟು, ಅದಕ್ಕೇ ಫ್ರಿಜ್ಜಿನಿಂದ ತೆಗೆದ ಗಂಟೆಯಲ್ಲಿ ತಳದಲ್ಲಿ ಕೆರೆ. ಮನೆಯಲ್ಲಿ ಮಾಡುವ ದಾರಿ: 400 ಮಿಲಿ ಫ್ರೆಶ್ ಕ್ರೀಮ್‌ಗೆ 50 ಗ್ರಾಂ ಉಪ್ಪಿಲ್ಲದ ಬೆಣ್ಣೆ ಹಾಕಿದರೆ ಕೊಬ್ಬು ಶೇ 30ರ ಗಡಿ ದಾಟುತ್ತದೆ. ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕೈಯಾಡಿಸುತ್ತಾ 85 ಡಿಗ್ರಿಗೆ ತಂದು, 15 ಮಿಲಿ ನಿಂಬೆರಸ ಹಾಕಿ, ಐದು ನಿಮಿಷ ಅದೇ ಬಿಸಿಯಲ್ಲಿ ಇರಿಸಿ. ಪನೀರಿನಂತೆ ಒಡೆಯುತ್ತದೆ ಎಂದು ಕಾಯಬೇಡಿ, ಒಡೆಯುವುದಿಲ್ಲ; ಚಮಚದ ಬೆನ್ನಿಗೆ ಹತ್ತುವಷ್ಟು ದಪ್ಪವಾಗುತ್ತದೆ, ಅಷ್ಟೇ. ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ 12 ಗಂಟೆ ಇಳಿಸಿ. ಅಂಗಡಿಯದಕ್ಕಿಂತ ತುಸು ಮೆತ್ತಗಿರುತ್ತದೆ. ಬಿಸ್ಕತ್ತಿನ ಬದಲು ಏಲಕ್ಕಿ ಹಾಕದ ರಸ್ಕ್ ಆದೀತು. ಕಾಫಿಗೆ ನಮ್ಮ ಫಿಲ್ಟರ್ ಡಿಕಾಕ್ಷನ್ ಇದೆಯಲ್ಲ! ಚಿಕೋರಿ ಬೆರೆಸದ ಪುಡಿಯದ್ದಾದರೆ ಘಮ ಉಳಿಯುತ್ತದೆ.

ತಿಳಿ ಸಾರಿನಲ್ಲಿ ಬೇಯಿಸುವ ಇಟಲಿಯ ಮೆತ್ತನೆ ಅನ್ನ ರಿಸೊಟ್ಟೊಗೆ ಮಾಸ್ಟರ್‌ಶೆಫ್ ನೋಡುವವರ ನಡುವೆ ‘ಸಾವಿನ ತಿನಿಸು’ ಎಂಬ ಅಡ್ಡಹೆಸರೇ ಇದೆ, ಅಷ್ಟು ಸ್ಪರ್ಧಿಗಳನ್ನು ಅದು ಮನೆಗೆ ಕಳಿಸಿದೆ. ಅದಕ್ಕೆ ಬಳಸುವ ಆರ್ಬೋರಿಯೊ ಅಕ್ಕಿಯ ಕೆಲಸ ಗಂಜಿ ಬಿಟ್ಟೂ ಕಾಳು ಉಳಿಸಿಕೊಳ್ಳುವುದು. ಸೋನಾ ಮಸೂರಿ ಇದಕ್ಕೆ ಆಗದು, ಇಡ್ಲಿಯ ಕುಸುಬಲು ಅಕ್ಕಿಯಂತೂ ಗಂಜಿಯನ್ನೇ ಬಿಡದು. ಬೆಳಗಾವಿ ಕಡೆ ಸಿಗುವ ಅಂಬೆಮೊಹರ್ ಗಿಡ್ಡ ಕಾಳಿನದು, ಬೆಂದರೆ ಅಂಟುತ್ತದೆ, ಅದನ್ನು ಹಿಡಿಯಿರಿ. ಅದೂ ಹೊಸ ಅಕ್ಕಿಯೇ ಆಗಲಿ. ಅನ್ನ ಮುದ್ದೆಯಾಗುತ್ತದೆ ಎಂದು ನಾವು ಹೊಸ ಅಕ್ಕಿಯನ್ನು ಬಯ್ಯುವ ಗುಣವೇ ಇಲ್ಲಿ ಬೇಕಾದ ಗುಣ. ತೊಳೆಯಬಾರದು; ಕಲ್ಲು, ಧೂಳು ಇದ್ದರೆ ಬಟ್ಟೆಯಲ್ಲಿ ಉಜ್ಜಿ ಕೇರಿ. 200 ಗ್ರಾಂ ಅಕ್ಕಿಗೆ ಪುಸ್ತಕಗಳು 700 ಮಿಲಿ ಸಾರು, 17 ನಿಮಿಷ ಎನ್ನುತ್ತವೆ. ಹೊಸ ಅಕ್ಕಿಗೆ 550ರಿಂದ 600 ಮಿಲಿ, 12ರಿಂದ 14 ನಿಮಿಷ ಸಾಕು. ಹತ್ತನೇ ನಿಮಿಷದಿಂದ ಕಾಳು ಕಚ್ಚಿ ನೋಡುತ್ತಿರಬೇಕು. ಸಾರು ಕುದಿಯುತ್ತಲೇ ಇರಬೇಕು, ತಣ್ಣನೆಯದು ಸುರಿದರೆ ಬೇಯುವುದು ನಿಂತು ಹೊರಗೆ ಗಂಜಿ, ಒಳಗೆ ಹಸಿ. ತೊಗರಿಬೇಳೆಯ ತಿಳಿ ಕಟ್ಟು ಒಳ್ಳೆಯ ಸಾರು, ಅಂಗಡಿಯ ಸಾರಿನ ಕ್ಯೂಬಿಗಿಂತ ಮೇಲು. ಪಾರ್ಮಸಾನ್ ಚೀಸ್ ಕೊಡುವ ಉಪ್ಪು ಮತ್ತು ಆಳದ ರುಚಿಗೆ ಕೆಂಪಗೆ ಹುರಿದ ಈರುಳ್ಳಿ, ಬಾಡಿಸಿ ನೀರಾರಿಸಿದ ಅಣಬೆ, ಕೊನೆಗೆ 20 ಗ್ರಾಂ ತಣ್ಣನೆ ಬೆಣ್ಣೆ.

ಮಾಂಸದ ತಟ್ಟೆಗಳಲ್ಲಿ ಕಾಣುವ ಹೊಳೆಯುವ ಕಂದು ‘ಜೂ’ ಎಂಬ ಗಟ್ಟಿ ಸಾರಿಗೆ ಮೂಳೆಯ ಅಂಟು ಬೇಕು. ಕೋಳಿ ಅಂಗಡಿಯಲ್ಲಿ ಕೇಳಿದರೆ ಹೆಚ್ಚೂಕಡಿಮೆ ಪುಕ್ಕಟೆ ಸಿಗುವ ಕೋಳಿ ಕಾಲಿನಲ್ಲಿ ಅದು ಧಾರಾಳ. ಉಗುರು ಕತ್ತರಿಸಿ ತೊಳೆದ ಅರ್ಧ ಕಿಲೋ ಕಾಲು, ಒಂದೂವರೆ ಲೀಟರ್ ನೀರು, ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ 45 ನಿಮಿಷ; ಸೋಸಿ ಫ್ರಿಜ್ಜಿಗಿಟ್ಟರೆ ಹಲ್ವದಂತೆ ಅಲ್ಲಾಡಬೇಕು. ಸಸ್ಯಾಹಾರಿಗಳಿಗೆ ಹುರುಳಿಯ ಕಟ್ಟು ಇದೆ: 250 ಗ್ರಾಂ ಹುರುಳಿ ಎಂಟು ಗಂಟೆ ನೆನೆಸಿ, ಒಂದೂವರೆ ಲೀಟರ್ ನೀರಿನಲ್ಲಿ ಆರೇಳು ಕೂಗು ಕೂಗಿಸಿ, ಕಟ್ಟು ಬಸಿದು, ಕಾಲು ಲೀಟರಿಗೆ ಇಳಿಯುವವರೆಗೆ ಕುದಿಸಿ. ಎರಡಕ್ಕೂ ಉಪ್ಪು ಕೊನೆಯಲ್ಲಿ ಮಾತ್ರ. ಮೊದಲೇ ಹಾಕಿದರೆ ಕುದಿದು ಇಳಿಯುವಷ್ಟರಲ್ಲಿ ಬಾಯಿಗಿಡಲಾಗದು.

ನೆಲದಡಿ ಬೆಳೆಯುವ ದುಬಾರಿ ಅಣಬೆ ಟ್ರಫಲ್‌ಗೆ ಬದಲು ಇಲ್ಲ, ಟ್ರಫಲ್ ಎಣ್ಣೆ ಹೆಚ್ಚಿನಂಶ ಕೃತಕ ಘಮ; ಬಿಟ್ಟುಬಿಡಿ. ಕೇಸರಿಗೆ ಅರಿಸಿನ ಬರೀ ಬಣ್ಣ. ವೆನಿಲ್ಲಾ ಕೋಡಿನ ಬದಲು ಎಸೆನ್ಸ್ ಬೇಯುವ ಕೇಕಿಗೆ ಧಾರಾಳವಾಗಿ ನಡೆಯುತ್ತದೆ. ಬೇಯಿಸದ ಕೆನೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ, ಅಲ್ಲಿ ಕಾಲು ಕೋಡು ಸಾಕು. 2000ರ ದಶಕದ ಆರಂಭದಲ್ಲಿ ಮಲೆನಾಡಿನ ಅಡಿಕೆ ತೋಟಗಳಲ್ಲಿ ಈ ಬಳ್ಳಿ ಹಬ್ಬಿ, ಬೆಲೆ ಬಿದ್ದ ಮೇಲೆ ಬಹಳಷ್ಟು ಕಡೆ ಕಿತ್ತು ಹೋಯಿತು. ಉಳಿಸಿಕೊಂಡ ಬೆಳೆಗಾರರು ಪರಿಚಯವಿದ್ದರೆ ಅವರಿಂದಲೇ ಕೊಳ್ಳುವುದು ಲಾಭ. ತಟ್ಟೆಯ ಮೇಲೆ ಉದುರಿಸುವ ಮೈಕ್ರೋಗ್ರೀನ್ಸ್‌ಗೆ ದುಡ್ಡು ಕೊಡುವುದು ದಂಡ: ಅಡುಗೆಮನೆಯ ಮೆಂತ್ಯ, ಸಾಸಿವೆಯನ್ನೇ ತೇವದ ತೆಂಗಿನ ನಾರಿನ ಪುಡಿಯ ಮೇಲೆ ಚೆಲ್ಲಿದರೆ ಏಳೆಂಟು ದಿನಕ್ಕೆ ಕತ್ತರಿಗೆ ಬರುತ್ತವೆ. ಹಣ್ಣಿನ ರಸದ ‘ಮುತ್ತು’ಗಳಿಗೆ ಆಲ್ಜಿನೇಟ್ ಎಂಬ ಕಡಲಪಾಚಿಯ ಪುಡಿ ಬೇಡ, ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಅದು ಕಲಸುವಾಗಲೇ ಗಡ್ಡೆ ಕಟ್ಟುತ್ತದೆ. 200 ಮಿಲಿ ರಸಕ್ಕೆ 2 ಗ್ರಾಂ ಅಗರ್ ಹಾಕಿ ಕುದಿಸಿ, ಅರ್ಧ ಗಂಟೆ ಫ್ರೀಜರಿನಲ್ಲಿಟ್ಟ ಎಣ್ಣೆಯ ಎತ್ತರದ ಲೋಟಕ್ಕೆ ಹನಿಹನಿಯಾಗಿ ಬಿಡಿ. ತಳ ಸೇರುವಷ್ಟರಲ್ಲಿ ಮುತ್ತಾಗಿರುತ್ತದೆ. ಸೋಸಿ ತೊಳೆದರಾಯಿತು, ಎಣ್ಣೆ ಮತ್ತೆ ಒಗ್ಗರಣೆಗೆ.

ಕೆಲವೊಮ್ಮೆ ಅಗ್ಗ ಮಾಡಬೇಕಾದ್ದೇ ಇರುವುದಿಲ್ಲ. 2021ರ ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ ಅಂತಿಮ ಸುತ್ತಿನಲ್ಲಿ, ಬಾಂಗ್ಲಾದೇಶ ಮೂಲದ ಕಿಶ್ವರ್ ಚೌಧುರಿ ಬಡಿಸಿದ್ದು ಪಾಂತಾ ಭಾತ್: ರಾತ್ರಿ ನೀರಲ್ಲಿ ನೆನೆಹಾಕಿದ ಅನ್ನ, ಹೊಗೆ ಕೊಟ್ಟ ಅದರ ನೀರು, ಆಲೂಗಡ್ಡೆ, ಸಾರ್ಡೀನ್ ಮೀನು. ಮೂರನೇ ಸ್ಥಾನ ಬಂತು. ನಮ್ಮ ತಂಗಳನ್ನದ ನೇರ ನಂಟು. ಆ ಮೀನೇ ಮಂಗಳೂರಿನ ಬೂತಾಯಿ. ಬೇಗ ಆರಿಸಿದ ಒಂದು ಬಟ್ಟಲು ಅನ್ನಕ್ಕೆ ಕುದಿಸಿ ತಣಿಸಿದ ಎರಡೂವರೆ ಬಟ್ಟಲು ನೀರು ಹಾಕಿ, ಮಣ್ಣಿನ ಗಡಿಗೆಯಲ್ಲಿ ಕರಾವಳಿಯಲ್ಲಾದರೆ 8 ಗಂಟೆ, ಬೆಂಗಳೂರಿನ ಚಳಿಯಲ್ಲಿ 12 ಗಂಟೆ. ಬಿಸಿ ಅನ್ನವನ್ನು ಗಂಟೆಗಟ್ಟಲೆ ಹಾಗೇ ಬಿಟ್ಟು ಆಮೇಲೆ ನೀರು ಹಾಕುವುದು ಅಪಾಯ; ಅಷ್ಟರಲ್ಲಿ ಬೇಡದ ಬ್ಯಾಕ್ಟೀರಿಯಾ ಬೆಳೆದು, ಕುದಿಸಿದರೂ ಹೋಗದ ವಿಷ ಬಿಟ್ಟಿರುತ್ತದೆ. ಹೊಗೆ ಕೊಡಬೇಕಾದ್ದು ಬಸಿದ ನೀರಿಗೆ, ಅನ್ನಕ್ಕಲ್ಲ: ನೀರಿನ ಮೇಲೆ ತೇಲುವ ಸಣ್ಣ ಬಟ್ಟಲಲ್ಲಿ ಕೆಂಡವಿಟ್ಟು, ಅರ್ಧ ಟೀ ಚಮಚ ತುಪ್ಪ ಬಿಟ್ಟು, ಎರಡು ಮೂರು ನಿಮಿಷ ಮುಚ್ಚಿ. ಐದು ನಿಮಿಷವಾದರೆ ಕಹಿ ಇಳಿಯುತ್ತದೆ.

ಕೊನೆಗೆ ಅಳತೆಯ ಮಾತು. ಆಸ್ಟ್ರೇಲಿಯಾದ ಟೇಬಲ್ ಚಮಚ 20 ಮಿಲಿ, ಉಳಿದ ಬಹುತೇಕ ಕಡೆ 15. ಅವರ ಕಪ್ 250 ಮಿಲಿ, ಅಮೆರಿಕದ್ದು 240ರ ಹತ್ತಿರ. ಅವರ ಪಾಕವಿಧಾನದ ಮೊಟ್ಟೆ 60 ಗ್ರಾಂ ಆಸುಪಾಸಿನದು, ನಮ್ಮ ಅಂಗಡಿಯದು 50ರಿಂದ 55. ಫ್ಯಾನ್ ಇರುವ ಓವನ್ನಿಗೆ ಬರೆದ ಉಷ್ಣತೆ ಫ್ಯಾನ್ ಇಲ್ಲದ ಓಟಿಜಿಗೆ (ಮನೆಯ ಸಣ್ಣ ವಿದ್ಯುತ್ ಓವನ್ನಿಗೆ) ಸಾಲದು, ಸುಮಾರು 20 ಡಿಗ್ರಿ ಹೆಚ್ಚಿಸಬೇಕು. ಇವನ್ನೆಲ್ಲ ‘ಕಪ್’, ‘ಚಮಚ’ ಎಂದು ಹಾಗೆಯೇ ಕನ್ನಡಕ್ಕೆ ಇಳಿಸಿದರೆ ಅಗರ್, ಬೇಕಿಂಗ್ ಪೌಡರ್‌ನಂಥ ಕಡೆ ಎಡವಟ್ಟಾಗುತ್ತದೆ. ಆದ್ದರಿಂದ ಪುರವಣಿಯಲ್ಲಿ ಗ್ರಾಂ ಲೆಕ್ಕ ಕೊಡಿ, ಕ್ರೀಮಿಗೆ ಕೊಬ್ಬಿನ ಶೇಕಡಾವಾರು ಬರೆಯಿರಿ, ಬದಲಿ ಸೂಚಿಸಿದ ಕಡೆ ಅಳತೆ ಎಷ್ಟು ಬದಲಾಗುತ್ತದೆ ಎಂಬ ಒಂದು ಸಾಲು ಇರಲಿ. ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿಗೆ ಒಂದು ಡಬ್ಬಿ ಮಾಸ್ಕರ್ಪೋನೆಯ ಬೆಲೆ ಸಾಕು. ಎರಡು ಗ್ರಾಂ ಅಗರ್ ಅಂಥ ತಕ್ಕಡಿಯಲ್ಲೂ ಸರಿಯಾಗಿ ಸಿಗದು. 10 ಗ್ರಾಂ ತೂಗಿ, ಕಾಗದದ ಮೇಲೆ ಐದು ಸಮ ಗುಡ್ಡೆ ಮಾಡಿಕೊಳ್ಳುವುದು ಒಳ್ಳೆಯದು.

ಸ್ನೋ ಎಗ್ ಪ್ರಕಟಿಸುವ ಮನಸ್ಸಿದ್ದರೆ ಅಕ್ಟೋಬರ್ ಒಳಗೆ ಪ್ರಕಟಿಸಿ, ಆಮೇಲೆ ಒಳ್ಳೆಯ ಸೀತಾಫಲ ಕಡಿಮೆಯಾಗುತ್ತದೆ. ತಡವಾದರೆ ಸಪೋಟ ಹಾಕಬಹುದು: ತಿರುಳು ಅದೇ 200 ಗ್ರಾಂ, ಹಾಲಿಗೆ ಹಾಕುವ ಸಕ್ಕರೆಯನ್ನು 60ರಿಂದ 45 ಗ್ರಾಂಗೆ ಇಳಿಸಿ, ಒಂದು ಟೀ ಚಮಚ ನಿಂಬೆರಸ ಹೆಚ್ಚಿಗೆ.

ಇಂತಿ,
ಒಬ್ಬ ಓದುಗ, ಶಿವಮೊಗ್ಗ